ಜೇನುಬಣ್ಣದ ಎಣ್ಣೆ

ಏರ್ ಫಿಲ್ಟರನ್ನು ಹಳೆಯ ಪೇಪರಿನ ಮೇಲೆ ಮೂರನೆಯ ಸಲ ಕುಟ್ಟಿದಾಗ ಚಮಚದಷ್ಟು ದೂಳು ಉದುರಿತು. ಗೌಹರಬೇಗಂ ಅದನ್ನು ಬೆರಳಿನಿಂದ ಸವರಿ ನೋಡಿದಳು. ಕಪ್ಪು ಮಣ್ಣು, ನಡುವೆ ಒಂದಿಷ್ಟು ಭತ್ತದ ಹೊಟ್ಟು.

ಯಾರ ಮೋಟರ್‌ಸೈಕಲ್ಲು, ಯಾವ ಬಂಡಿ ಬಂದರೂ ಅವಳ ಕೆಲಸ ಶುರುವಾಗುವುದು ಹೀಗೆ. ರಂಗಂಪೇಟೆಯ ಈ ರಿಪೇರಿ ಅಂಗಡಿಯ ಹಿಂಬದಿಯಲ್ಲಿ, ಗೋಣಿತಟ್ಟಿನ ಪರದೆಯ ಈಚೆ ಕೂತು, ಇಪ್ಪತ್ತಾರು ವರ್ಷದಿಂದ ಅವಳು ಗಂಡಸರು ಓಡಾಡಿದ ದಾರಿಗಳನ್ನು ಪೇಪರಿನ ಮೇಲೆ ಕುಟ್ಟಿ ನೋಡುತ್ತ ಬಂದಿದ್ದಾಳೆ. ದೇವಾಪುರದ ಕರಿಮಣ್ಣು, ಕೊಡೇಕಲ್ ಕಡೆಯ ಕೆಂಪು, ಶಹಾಪುರದ ಕಲ್ಲುಪುಡಿ. ಅವಳು ಕಾಣದ ಊರುಗಳು ದೂಳಾಗಿ ಬಂದು ಮಡಿಲ ಮುಂದೆ ಬೀಳುತ್ತಿದ್ದವು. ಪರದೆಯ ತೂತುಗಳಿಂದ ಮಧ್ಯಾಹ್ನದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಇಳಿಯುವ ಹೊತ್ತಿಗೆ ಆ ದೂಳಿನಲ್ಲೇ ಒಂದು ರಸ್ತೆ ತೆರೆದುಕೊಂಡಂತಾಗಿ, ಎರಡೂ ಕಡೆ ಹೊಲಗಳು ಹಿಂದಕ್ಕೆ ಸರಿದಂತಾಗಿ, ಕೈಯಲ್ಲಿದ್ದ ಕೆಲಸ ತಾನಾಗಿ ನಿಂತುಬಿಡುತ್ತಿತ್ತು.

ಇವತ್ತು ಹಾಗೆ ನಿಲ್ಲುವಂತಿರಲಿಲ್ಲ. ಇದು ದುರಗಪ್ಪನ ಬಂಡಿ. ದೇವಾಪುರದ ಕಾಲುವೆಯ ಗೇಟು ಕಾಯುವ ದುರಗಪ್ಪ, ಓಡುತ್ತಿದ್ದ ಬಂಡಿಯ ಇಂಜಿನ್ ಜಾಮ್ ಆಗಿ, ಸೇತುವೆಯಿಂದ ಉರುಳಿ ಸತ್ತು ನಾಲ್ಕು ದಿನವಾಗಿತ್ತು. ಅದಕ್ಕೆ ಒಂಬತ್ತು ದಿನ ಮೊದಲು ಈ ಬಂಡಿಯ ಸರ್ವಿಸ್ ಮಾಡಿದವನು ಅವಳ ಗಂಡ ಬಾಷುಮಿಯಾ. ಅವನನ್ನು ಠಾಣೆಯಲ್ಲಿ ಕೂರಿಸಿ ಎರಡು ದಿನವಾಗಿತ್ತು.

“ಭಾಬಿ, ಲಗೂನ ನೋಡ್ರಿ. ಟೆಂಪೋದವ ಊಟಕ್ಕ ಹೋಗ್ಯಾನ. ಅವ ಬಂದಕೂಡ್ಲೆ ಯಾದಗಿರಿಗೆ ಒಯ್ಯಬೇಕು ಇದನ್ನ. ನಿಮ್ಮ ಕಣ್ಣಿಗೊಮ್ಮೆ ಬೀಳ್ಲಿ ಅಂತ ನಾನ ಇಲ್ಲಿ ಇಳಿಸಿದ್ದು.”

ಪರದೆಯ ಆಚೆ ಬೆಂಚಿನ ಮೇಲೆ ಕೂತಿದ್ದವನು ಠಾಣೆಯ ಎಎಸ್‌ಐ ಬಸವಂತ್ರಾಯ. ಅವನ ಮುಖವನ್ನು ಅವಳು ನೆಟ್ಟಗೆ ನೋಡಿದ್ದು ಎರಡೇ ಸಲ. ಅವನ ಬಂಡಿಯನ್ನು ಮಾತ್ರ ಹದಿನಾಲ್ಕು ವರ್ಷದಿಂದ ಬಲ್ಲಳು.

“ನೋಡಾಕತ್ತೀನ್ರಿ. ನಿಮ್ಮ ಬಂಡಿ ಎರಡನೇ ಗೇರಿನ್ಯಾಗ ಮತ್ತ ಗೊಣಗಾಕತ್ತದ. ಬರೂ ಮುಂದ ಕೇಳ್ತು.”

“ನಾನೂ ಗೊಣಗ್ತೀನಂತ ನನ್ನ ಹೆಂಡ್ತಿ ಅಂತಾಳ. ಇಬ್ಬರದೂ ಎಣ್ಣಿ ಬದಲಿ ಮಾಡಬೇಕೇನೊ!” ಬಸವಂತ್ರಾಯ ನಕ್ಕ. ಆಮೇಲೆ ನಗು ಕಡಿದು ಹೇಳಿದ, “ಹದಿನೆಂಟು ವರ್ಷದ ಬಂಡಿ ಭಾಬಿ. ಇನ್ಸ್‌ಪೆಕ್ಟರ್ ಬರದುಕೊಟ್ಟಾರ, ಹಳೇ ಇಂಜಿನ್, ಸವದು ಹಿಡಕೊಂಡದ ಅಂತ. ಮೀಟರಿನ್ಯಾಗ ಅರವತ್ತೆರಡು ಸಾವಿರ ಅದ.”

“ಒಂದು ಲಕ್ಷ ಅರವತ್ತೆರಡು ಸಾವಿರ ಅನ್ರಿ. ಮೀಟರ್ ಒಂದು ಸುತ್ತು ಮುಗಿಸ್ಯದ. ತಿರುಗಿ ಸೊನ್ನಿ ಬಂದ ದಿನ ದುರಗಪ್ಪಣ್ಣ ಪೇಡೆ ತಂದಿದ್ದ, ಬಂಡಿ ಎರಡನೇ ಸಲ ಹುಟ್ಟಿತು ಅಂತ.”

“ಹಂಗಾದ್ರ ಇನ್ನೂ ಹಳೇದಾತಲ್ಲ! ಇದನ್ನ ಹೊರಗ ಅನಬ್ಯಾಡ್ರಿ ಮತ್ತ, ಇಷ್ಟು ಹಳೇದನ್ನ ಓಡಾಕ ಬಿಟ್ಟಾನಂತ ಬಾಷುಮಿಯಾಗೇ ತ್ರಾಸ.”

“ಇಂಜಿನ್ ವರ್ಷ ಆತಂತ ಸಾಯಂಗಿಲ್ರಿ ಸಾಹೇಬ್ರ. ಎರಡು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣಿ ಬದಲಿ ಮಾಡಬೇಕು, ಎಣ್ಣಿ ಸೋಸೂ ಜಾಳಿಗಿ ತೊಳಿಬೇಕು, ಫಿಲ್ಟರ್ ಹಸನ ಇಡಬೇಕು, ವಾಲ್ವಿನ ಸಂದು ನೋಡಬೇಕು. ಇಷ್ಟ ಮಾಡಿದ್ರ ಮಾಲಕ ಮುದುಕ ಆಗ್ತಾನ, ಇಂಜಿನ್ ಆಗಂಗಿಲ್ಲ. ದುರಗಪ್ಪಣ್ಣ ಮುಂಜಾನಿ ಬಂಡಿ ಚಾಲೂ ಮಾಡಿ ಹೊಂಡ್ತಿದ್ದಿಲ್ಲ. ಎಣ್ಣಿ ಮ್ಯಾಲ ಏರ್ಲಿ ಅಂತ ಕಾಯ್ತಿದ್ದ. ಅದು ಬಿಸಿ ಆಗೂತನಕ ಅವನ ಚಹಾ ಆರತಿತ್ತು.”

ಆ ಸದ್ದು ಅವಳಿಗೆ ಗೊತ್ತು. ಇದೇ ಓಣಿಯ ತುದಿಯಲ್ಲಿ ದುರಗಪ್ಪನ ಮನೆ. ದಿನಾ ಬೆಳಗಾಗುವ ಹೊತ್ತಿಗೆ ಆ ಇಂಜಿನ್ ನಿದ್ದೆಹೋದ ಕೂಸಿನ ಉಸಿರಿನಂತೆ ಸಮನಾಗಿ ಮಿಡಿಯುತ್ತ ಅವಳ ಕಿಟಕಿಯ ಕೆಳಗೆ ಹಾಯ್ದು ಹೋಗುತ್ತಿತ್ತು. ಅರೆನಿದ್ದೆಯಲ್ಲಿ ಅವಳೂ ಅದರ ಹಿಂದೆ ಒಂದಷ್ಟು ದೂರ ಹೋಗುತ್ತಿದ್ದಳು. ಕಾಲುವೆ ಹೇಗಿರುತ್ತದೋ ಅವಳು ಕಂಡಿರಲಿಲ್ಲ. ಅರೆನಿದ್ದೆಯಲ್ಲಿ ಅದು ಯಾವಾಗಲೂ ತುಂಬಿ ಹರಿಯುತ್ತಿತ್ತು.

ನಾಲ್ಕು ದಿನದಿಂದ ಬೆಳಗುಗಳು ಮೂಕವಾಗಿದ್ದವು.

ಚಾಪೆ ಹಾಸಿ ಬಂಡಿಯ ಪಕ್ಕಕ್ಕೆ ಒರಗಿದಳು. ಇಂಜಿನ್ನಿನ ಹೊಟ್ಟೆಯ ಕೆಳಗೆ ಎಣ್ಣೆ ಇಳಿಸುವ ಬೋಲ್ಟು. ಅದರ ತಲೆಯಿಂದ ಇಂಜಿನ್ನಿನ ಮೈಗೆ ದಾಟಿದ ಬಿಳಿಯ ಸುಣ್ಣದ ಗೆರೆ.

ಗೆರೆ ಕಂಡು ಅವಳಿಗೆ ಸಮಾಧಾನವಾಯಿತು. ಅದು ಈ ಮನೆಯ ಪದ್ಧತಿ, ಮಾವನ ಕಾಲದ್ದು. ಬೋಲ್ಟು ಬಿಗಿದ ಮೇಲೆ ಎಲೆಯಡಿಕೆ ಡಬ್ಬಿಯ ಸುಣ್ಣ ತೆಗೆದು ಅಡ್ಡ ಎಳೆಯುವುದು. ಎಣ್ಣೆ ಜಿನುಗಿದರೆ ಬಿಳುಪು ಹಳದಿಯಾಗುತ್ತದೆ. ಬೇರೆ ಯಾರಾದರೂ ಬೋಲ್ಟು ತಿರುಗಿಸಿದರೆ ಗೆರೆ ಮುರಿಯುತ್ತದೆ. ಈ ಊರಿನ ಇನ್ನಾವ ಅಂಗಡಿಯಲ್ಲೂ ಹೀಗೆ ಮಾಡುವುದಿಲ್ಲ.

ಗೆರೆ ಮುರಿದಿರಲಿಲ್ಲ. ಅಂದರೆ ಗಂಡ ಬಿಗಿದ ಮೇಲೆ ಯಾರ ಕೈಯೂ ಇಲ್ಲಿಗೆ ಬಂದಿಲ್ಲ. ಅವಳು ಪಾನಾ ಹಾಕಿ ಬೋಲ್ಟು ತಿರುಗಿಸಿದಳು. ಗೆರೆ ಎರಡಾಯಿತು. ಬೋಗುಣಿಗೆ ಎಣ್ಣೆ ಇಳಿಯತೊಡಗಿತು.

ಮೊದಲು ಅದು ಬಿಸಿಲಿನ ಆಟವೆಂದುಕೊಂಡಳು. ಪರದೆಯ ಒಂದು ಚುಕ್ಕಿ ಬೆಳಕು ನೇರ ಆ ಧಾರೆಯ ಮೇಲೆ ಬಿದ್ದಿತ್ತು. ಬೋಗುಣಿಯನ್ನು ನೆರಳಿಗೆ ಎಳೆದಳು. ನೆರಳಿನಲ್ಲೂ ಅದು ಹಾಗೇ ಇತ್ತು. ತಿಳಿಯಾಗಿ, ಜೇನಿನ ಬಣ್ಣದಲ್ಲಿ, ತಳದ ಗೀರು ಕಾಣುವಷ್ಟು ಶುದ್ಧವಾಗಿ.

ಗೋಡೆಯ ಮೇಲೆ ಬಾಷುಮಿಯಾ ಸೀಮೆಸುಣ್ಣದಲ್ಲಿ ಬರೆದ ಅಂಕಿ ಇತ್ತು: ದುರಗಪ್ಪ, ೬೧,೭೯೦. ಮೀಟರಿನಲ್ಲಿ ಈಗ ೬೨,೩೧೪. ಐನೂರ ಇಪ್ಪತ್ತನಾಲ್ಕು ಕಿಲೋಮೀಟರು ಓಡಿದ ಎಣ್ಣೆ ಚಹಾದ ಕಷಾಯದ ಹಾಗೆ ಕಂದಿರಬೇಕಿತ್ತು.

ಅವಳು ಎದ್ದು ಇಂಜಿನ್ನಿನ ತಲೆಯ ಮೇಲಿನ, ವಾಲ್ವುಗಳ ಮುಚ್ಚಳ ಬಿಚ್ಚಿದಳು. ಒಳಗೆ ಒಂದು ಹನಿ ಪಸೆ ಇರಲಿಲ್ಲ. ಉಕ್ಕು ಬೆಂದು ನವಿಲುಗರಿಯ ನೀಲಿಗೆ ತಿರುಗಿತ್ತು. ಕೆಳಗೆ ಜೇನು, ಮೇಲೆ ಬೂದಿ.

ಒಂದು ಬಾಟಲಿಗೆ ಎಣ್ಣೆ ತುಂಬಿ ಪರದೆಯ ಅಡಿಯಿಂದ ಕೈ ಚಾಚಿದಳು.

“ಇದೇನ್ರಿ?”

“ದುರಗಪ್ಪಣ್ಣನ ಬಂಡೀದು. ಹೊಸಾ ಎಣ್ಣಿ. ಒಂದ ಕಿಲೋಮೀಟರೂ ಓಡಿಲ್ಲ ಇದು.”

“ಅಂದ್ರ?”

“ಯಾರೋ ಎಣ್ಣಿ ಪೂರಾ ಇಳಿಸಿಬಿಟ್ಟಾರ. ಬಂಡಿ ಖಾಲಿ ಹೊಟ್ಟೀಲೆ ಓಡಿ, ಸುಟ್ಟು, ಹಿಡಕೊಂಡದ. ಆಮ್ಯಾಲ ಬಂದು ಹೊಸಾದು ಸುರುವ್ಯಾರ. ಸತ್ತವನ ಬಾಯಿಗೆ ನೀರು ಬಿಟ್ಟಂಗ.”

ಆಚೆ ಬೆಂಚು ಕಿರ್ರೆಂದಿತು. ಬಸವಂತ್ರಾಯ ಎದ್ದು ನಿಂತಿದ್ದ.

“ಕೊಲಿ ಇದು,” ಅಂದ ಮೆಲ್ಲಗೆ. “ಕಾಲುವಿಗೆ ಕಳ್ಳ ಪಂಪ್ ಹಚ್ಚಿದವರದ್ದೊಂದು ಪಟ್ಟಿ ಮಾಡಿದ್ದ ದುರಗಪ್ಪ. ಆ ಪಟ್ಟಿ ಸಿಕ್ಕಿಲ್ಲ. ನನಗ ಅವತ್ತ ಅನಮಾನ ಬಂದಿತ್ತು.”

“ಮತ್ತ ನಮ್ಮವರನ್ನ ಬಿಡ್ತೀರಲ್ರಿ?”

ಅವನು ಬಾಟಲಿಯನ್ನು ಬೆಂಚಿನ ಮೇಲೆ ಇಟ್ಟ ಸದ್ದಾಯಿತು.

“ಭಾಬಿ, ಇಷ್ಟ ಹೊತ್ತು ಗಫಲತ್, ಕೆಲಸದಾಗ ಅಲಕ್ಷ್ಯ ಮಾಡ್ಯಾನ ಅಂತಿದ್ರು. ಈಗ ಖೂನ್ ಅಂತಾರ. ಎಣ್ಣಿ ಇಳಿಸಿ, ಮತ್ತ ಹಾಕಿ, ಬೋಲ್ಟ್ ಬಿಗಿದು ಹೋಗೋದಂದ್ರ ಕಸಬಿನವನ ಕೈ. ಆ ಬಂಡಿ ಕಡೀಕ ಮುಟ್ಟಿದ ಕಸಬಿನವ ಯಾರು? ಬ್ಯಾರೆ ಯಾರರ ಮುಟ್ಯಾರಂತ ತೋರಸ್ರಿ, ನಾ ಇವತ್ತ ಕರಕೊಂಡು ಬಂದು ಬಿಡ್ತೀನಿ. ಏನರ ಕಂಡೀರೇನು?”

ಅವಳು ಮತ್ತೆ ಚಾಪೆಯ ಮೇಲೆ ಒರಗಿ ನೋಡಿದಳು. ಇಂಜಿನ್ನಿನ ಮೈಮೇಲೆ ಉಳಿದ ಅರ್ಧ ಗೆರೆ.

ಎಣ್ಣೆ ಬದಲಾಗಿದೆ ಎಂದ ಮೇಲೆ ಬೋಲ್ಟು ಬಿಚ್ಚಿದ್ದು ನಿಜ. ಬೋಲ್ಟು ಬಿಚ್ಚಿಯೂ ಗೆರೆ ಮುರಿದಿಲ್ಲವೆಂದರೆ, ಬಿಚ್ಚಿದವನೇ ಹೊಸ ಗೆರೆ ಎಳೆದಿದ್ದಾನೆ.

ಬಾಷುಮಿಯಾ ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ಗೆರೆ ಎಳೆಯುತ್ತಾನೆ. ಕೂದಲಿನಷ್ಟು ಸಣ್ಣದು. ಇದು ಅಗಲ, ಹೆಬ್ಬೆಟ್ಟಿನಷ್ಟು ಅಗಲ. ತುದಿಯಲ್ಲಿ ಎಡಕ್ಕೆ ತಿರುಗಿ ಬಾಲದಂತೆ ತೆಳ್ಳಗಾಗಿದೆ.

ಹೆಬ್ಬೆಟ್ಟಿನಿಂದ ಗೆರೆ ಎಳೆಯುವವನು ಈ ಲೋಕದಲ್ಲಿ ಒಬ್ಬನೇ. ಅಮ್ಮ ಸತ್ತಾಗ ಒಂಬತ್ತು ವರ್ಷದವನಾಗಿ ಅವಳ ಮನೆಗೆ ಬಂದ ತಮ್ಮ ಗಯಾಸ. ಕಸಬು ಕಲಿಸಿದ್ದು ಬಾಷುಮಿಯಾ, ಸುಣ್ಣದ ಡಬ್ಬಿ ಹಿಡಿದು ನಿಲ್ಲುತ್ತಿದ್ದವಳು ಅವಳು. ಕಡ್ಡಿ ಕೊಟ್ಟರೂ ಬಿಸಾಕಿ ಹೆಬ್ಬೆಟ್ಟು ಅದ್ದುತ್ತಿದ್ದ. ‘ಮನೀಗೆ ಸುಣ್ಣ ಹೊಡಿತೀ ಏನೋ?’ ಎಂದು ಎಷ್ಟು ಸಲ ಗದರಿದ್ದಳೋ.

“ಭಾಬಿ? ಕಂಡದ ಏನರ?”

“ಇಲ್ರಿ,” ಅಂದಳು.

ಟೆಂಪೋ ಬಂತು. ಅವಳು ಬೋಲ್ಟನ್ನು ಕೈಯಿಂದಲೇ ತಿರುವಿ ಕೂರಿಸಿದಳು. ಗೆರೆಯ ಎರಡು ತುಂಡು ಒಂದಕ್ಕೊಂದು ಮುಖ ತಿರುಗಿಸಿ ನಿಂತವು. ಅವನ್ನು ಜೊತೆಯಾಗಿ ಕಂಡವಳು ಅವಳೊಬ್ಬಳೇ.

“ನಾಳೆ ಹನ್ನೊಂದಕ್ಕ ಠಾಣೇಕ ಬರ್ರಿ,” ಬಸವಂತ್ರಾಯ ಹೊರಡುತ್ತ ಹೇಳಿದ. “ನಿಮ್ಮ ಹೇಳಿಕಿ ಬರಕೋತೀವಿ. ಸಂಜಿಗೆ ಬಾಷುಮಿಯಾನ್ನ ಯಾದಗಿರಿಗೆ ಒಯ್ತಾರ. ಆಮ್ಯಾಲ ನನ್ನ ಕೈಯಾಗ ಏನೂ ಉಳಿಯಂಗಿಲ್ಲ. ಅದರೊಳಗ ಏನರ ನೆನಪಾದ್ರ ಹೇಳ್ರಿ.”

ಬಂಡಿ ಹೋದ ಜಾಗದಲ್ಲಿ ಬಿಸಿಲಿನ ಚುಕ್ಕಿಗಳು ನೆಲಕ್ಕಿಳಿದವು. ಅವಳು ಬೋಗುಣಿಯ ಎದುರು ಕೂತಳು. ಎಣ್ಣೆಯಲ್ಲಿ ಅವಳ ಮುಖ ಕಾಣುತ್ತಿತ್ತು, ಹಳದಿಯಾಗಿ, ಅಲುಗದೆ, ನೀರಿನ ಅಡಿಯಲ್ಲಿ ಮಲಗಿದವಳ ಹಾಗೆ.

ಊಟಕ್ಕೆ ಕೂತಾಗ ಬಾಯಿ ತಾನಾಗಿ ಬಿಸ್ಮಿಲ್ಲಾ ಅನ್ನುತ್ತದೆ. ಅದಕ್ಕೆ ಮನಸ್ಸು ಬೇಕಿಲ್ಲ. ಗಯಾಸನ ಕೈಯೂ ಹಾಗೇ, ಬೋಲ್ಟು ಬಿಗಿದೊಡನೆ ತಾನಾಗಿ ಸುಣ್ಣಕ್ಕೆ ಹೋಗಿರಬೇಕು. ತಂಬಾಕಿಗೆಂದು ಜೇಬಿನಲ್ಲಿ ಡಬ್ಬಿ ಇದ್ದೇ ಇರುತ್ತದೆ. ಹೆದರಿಕೆಯಲ್ಲಿ, ಗಡಿಬಿಡಿಯಲ್ಲಿ, ಏನು ಮಾಡುತ್ತಿದ್ದೇನೆಂದು ತಿಳಿಯದೆ ಮಾಡಿದ್ದಾನೆ. ಹಾಗಿದ್ದರೆ ಅವನು ಇನ್ನೂ ಅವಳು ಸಾಕಿದ ಗಯಾಸನೇ. ಏನೋ ಆಗಬಾರದ್ದು ಆಗಿದೆ, ಕೇಳಿದರೆ ಅಳುತ್ತ ಹೇಳುತ್ತಾನೆ.

ಕೈ ಮಾಡಿದ್ದಲ್ಲ, ಮನಸ್ಸು ಮಾಡಿದ್ದು ಅಂತಾದರೆ? ಬಾಷುಮಿಯಾ ಬಿಗಿದ ಮೇಲೆ ಯಾರೂ ಮುಟ್ಟಿಲ್ಲ ಎಂದು ತೋರಲಿ ಅಂತಲೇ ಎಳೆದದ್ದಾದರೆ?

ಆ ಯೋಚನೆಯನ್ನು ಅವಳು ಮುಂದಕ್ಕೆ ಬಿಡಲಿಲ್ಲ. ಓಣಿಯ ತುದಿಯಲ್ಲಿ ಸಡಿಲ ಚೈನಿನ ಸದ್ದು ಕೇಳಿಸಿತು.

“ಆಪಾ! ಭಜಿ ತಂದೀನಿ. ಶಹಾಪುರದಾಗ ಬಿಸಿ ಇದ್ವು, ಬರೂದ್ರಾಗ ಆರಿ ಹೋದ್ವು.”

ಪರದೆ ಸರಿಸಿ ಒಳಗೆ ಬಂದ ಗಯಾಸನಿಗೆ ಈಗ ಮೂವತ್ತೊಂದು. ಏಳು ವರ್ಷದಿಂದ ಶಹಾಪುರದಲ್ಲಿ ಅವನದೇ ಅಂಗಡಿ. ನಗುವಾಗ ಈಗಲೂ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು.

“ನಿನ್ನ ಬಂಡಿ ಹಂಗ ಓಡ್ತದ. ಚೈನ್ ಸಡ್ಲ ಆಗ್ಯದ, ಓಣಿಗೆಲ್ಲಾ ಕೇಳ್ತದ.”

“ಮಂದಿ ಬಂಡಿ ಹಸನ ಮಾಡೂದ್ರಾಗ ನಂದು ನೋಡಾಕ ಯಾಳೆ ಎಲ್ಲೈತಿ ಆಪಾ? ಈಗಂತೂ ಪಂಪಿನ ಕೆಲಸಾನ ಜಾಸ್ತಿ. ದೂಲ್ಹಾಭಾಯಿನ್ನ ಬಿಟ್ರೇನು?” ಭಾವನ ಬಗ್ಗೆ ಕೇಳಿದ.

“ಇಲ್ಲ.”

ಪಂಪು ಎಂಬ ಮಾತು ಅವಳ ಕಿವಿಯಲ್ಲಿ ಹಾಗೇ ನಿಂತಿತು. ಅವಳು ಅದನ್ನು ಮುಟ್ಟಲಿಲ್ಲ. ಮೂಲೆಯಲ್ಲಿದ್ದ ಇನ್ನೊಂದು ಬಂಡಿ ತೋರಿಸಿದಳು.

“ಬಾಜೂ ಮನಿ ಮದೀನಾಬೀ ಗಂಡನ್ದು. ಎರಡು ದಿನದಿಂದ ಬಿದ್ದದ. ಎಣ್ಣಿ ಅಷ್ಟ ಬದಲಿ ಮಾಡಿ ಕೊಡು.”

“ಈಗಾ?”

“ಮುಂಜಾನಿ ಬಂದು ಅಂದ್ಹೋದ್ಳು ಆಕಿ, ನಿನ್ನ ಗಂಡ ಠಾಣ್ಯಾಗ ಆರಾಮ ಕುಂತಾನ, ನನ್ನ ಗಂಡ ಬಿಸಲಾಗ ನಡಕೊಂಡು ತಿರಗಾಕತ್ತಾನ ಅಂತ.”

“ಆಕಿ ಬಾಯಿಗೊಂದು ಬೋಲ್ಟ್ ಹಾಕಬೇಕು,” ಗಯಾಸ ನಕ್ಕು ಅಂಗಿಯ ತೋಳು ಮಡಚಿದ.

ಅವಳು ಎಲೆಯಡಿಕೆ ಡಬ್ಬಿ ತಂದು ಅವನ ಮೊಣಕಾಲಿನ ಪಕ್ಕದಲ್ಲೇ ಕೂತಳು. ಮುಚ್ಚಳ ತೆರೆದಿಟ್ಟಳು. ಸುಣ್ಣ ಬೆಳ್ಳಗೆ ಕಾಣುತ್ತಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಎಂಥ ಕೈ ಅದು. ಪಾನಾ ಹುಡುಕಲಿಲ್ಲ, ಪಾನಾ ತಾನಾಗಿ ಬಂದಂತಿತ್ತು. ಕಪ್ಪು ಎಣ್ಣೆ ಇಳಿಸಿದ, ಜಾಳಿಗೆ ತೊಳೆದ, ಹೊಸದು ಸುರಿದ. ಬೋಲ್ಟು ಕೂರಿಸಿ, ಕೊನೆಯ ಅರ್ಧ ಸುತ್ತಿನಲ್ಲಿ ಕಣ್ಣು ಮುಚ್ಚಿ ಬಿಗಿತವನ್ನು ಕೇಳಿಸಿಕೊಂಡ. ಬಾಷುಮಿಯಾ ಕೂಡ ಹಾಗೇ ಕಣ್ಣು ಮುಚ್ಚುತ್ತಾನೆ. ಈಗ ಹೋಗುತ್ತದೆ, ಈಗ ಆ ಹೆಬ್ಬೆಟ್ಟು ಸುಣ್ಣಕ್ಕೆ ಹೋಗುತ್ತದೆ. ಯಾ ಅಲ್ಲಾ, ಹೋಗಲಿ.

ಗಯಾಸ ಅರಿವೆಯಿಂದ ಬೋಲ್ಟು ಒರೆಸಿದ. ಎದ್ದು ನಿಂತ.

“ಆತು ನೋಡು.”

ಸುಣ್ಣ ಹಾಗೇ ಇತ್ತು.

ಅವನು ಬಚ್ಚಲಿಗೆ ಕೈ ತೊಳೆಯಲು ಹೋದ. ಅವಳು ಸೆರಗು ಮುಖಕ್ಕೆ ಎಳೆದುಕೊಂಡು ಪರದೆ ದಾಟಿ ಹೊರಗೆ ಬಂದಳು. ಅವನ ಬಂಡಿಯ ಪಕ್ಕ ಬಗ್ಗಿದಳು. ಬೋಲ್ಟಿನ ಸುತ್ತ ವರ್ಷಗಳ ಜಿಡ್ಡು ಗಟ್ಟಿಯಾಗಿತ್ತು. ಬಿಳುಪಿನ ಸುಳಿವೇ ಇರಲಿಲ್ಲ. ತನ್ನ ಬಂಡಿಗೂ ಗೆರೆ ಎಳೆಯುವುದನ್ನು ಅವನು ಎಂದೋ ಬಿಟ್ಟಿದ್ದ.

ಅವನ ಕೈ ಮರೆತದ್ದನ್ನು ಅವನ ಮನಸ್ಸು ಒಂದೇ ಒಂದು ಸಲ ನೆನಪು ಮಾಡಿಕೊಂಡಿತ್ತು. ಕಾಲುವೆಯ ದಂಡೆಯಲ್ಲಿ.

“ಏನ್ ನೋಡಾಕತ್ತಿ ಆಪಾ?”

ಅವನು ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ.

“ಚೈನ್.”

“ದುರಗಪ್ಪನ ಬಂಡಿ ಬಿಚ್ಚಿ ನೋಡಿದ್ಯಂತ?”

“ಯಾರಂದ್ರು?”

“ರಂಗಂಪ್ಯಾಟ್ಯಾಗ ಟೆಂಪೋ ನಿಂತ್ರ ಶಹಾಪುರಕ್ಕ ಗೊತ್ತಾಗ್ತದ. ಏನ್ ಸಿಕ್ತು?”

“ಎಣ್ಣಿ.”

“ಅಷ್ಟ?”

“ಅಷ್ಟ.”

ಅವನು ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ಇಂಜಿನ್ನಿನ ಒಳಗಿನ ಸಣ್ಣ ಸಡಿಲವನ್ನೂ ಕೇಳುವ ಕಿವಿ ಅದು.

“ಲಕ್ಷ ದಾಟಿದ ಇಂಜಿನ್ ಆಪಾ. ಒಂದಲ್ಲ ಒಂದಿನ ಹೋಗೂದ ಇತ್ತು.”

“ನೀನೂ ಹಿಂಗ ಅಂತೀ? ಈ ಅಂಗಡ್ಯಾಗ ಬೆಳದಾಂವ?” ಅವಳ ದನಿ ಏರಲಿಲ್ಲ. “ಆ ಇಂಜಿನ್ನಿಗಿ ಇನ್ನೂ ಐವತ್ತು ಸಾವಿರ ಕಿಲೋಮೀಟರಿನ ಆಯುಷ್ಯ ಇತ್ತು. ದುರಗಪ್ಪಣ್ಣಗ ಎಷ್ಟಿತ್ತೊ.”

ಗಯಾಸ ನೆಲ ನೋಡಿದ. ಒಂದು ಗಳಿಗೆ ಅವನು ಹೇಳಿಬಿಡುತ್ತಾನೆಂದು ಅನಿಸಿತು. ಕೆನ್ನೆಯ ಗುಳಿ ಇದ್ದ ಜಾಗ ಅದುರಿತು.

“ದೂಲ್ಹಾಭಾಯಿ ಕೈ ಈಗೀಗ ನಡಗ್ತದ ಆಪಾ,” ಅಂದ. “ವಾಷರ್ ಹಾಕೋದು ಮರತಿರಬೇಕು. ಎಣ್ಣಿ ಸೋರಿ ಹೋಗ್ಯದ. ಮರತೆ ಅಂತ ಅವರು ಒಪ್ಪಿಕೊಂಡ್ರ ಸಣ್ಣ ಕೇಸ್, ಬಿಟ್ಟು ಬರ್ತಾರ. ನೀ ಒಂದು ಮಾತು ಹೇಳು ಅವರಿಗೆ. ನಿನ್ನ ಮಾತು ಕೇಳ್ತಾರ.”

ಎಣ್ಣೆ ಖಾಲಿಯಾಗಿತ್ತೆಂದು ಅವಳು ಅವನಿಗೆ ಹೇಳಿರಲಿಲ್ಲ. ಅವಳು ಭಜಿಯ ಪೊಟ್ಟಣ ಬಿಚ್ಚಿ ತಟ್ಟೆಗೆ ಹಾಕಿದಳು.

“ನಾಳೆ ಠಾಣೇಕ ಹೋಗಬೇಕು. ಹೇಳಿಕಿ ಬರಕೋತಾರಂತ, ಹನ್ನೊಂದಕ್ಕ.”

“ನಾನ ಕರಕೊಂಡು ಹೋಗ್ತೀನಿ.” ಅವನು ತಡವರಿಸಲಿಲ್ಲ. “ಇವತ್ತು ಇಲ್ಲೇ ಮಲಕೋತೀನಿ, ನೀ ಒಬ್ಬಾಕಿನ ಇರಬ್ಯಾಡ. ಮುಂಜಾನಿ ಲಗೂನ ಬಿಡೂಣು. ಮೊದ್ಲ ದೇವಾಪುರದ ಕಡೆ ಹೋಗೂಣು. ದುರಗಪ್ಪನ ಹೆಂಡ್ತಿ ಚಂದ್ರಕಲಾ ಅಲ್ಲೇ ತವರುಮನ್ಯಾಗ ಅದಾಳ, ಮಾತಾಡಿಸ್ಕೊಂಡು ಬರೂಣು. ಕಾಲುವಿ ದಂಡಿ ಮ್ಯಾಲಿಂದ ದಾರಿ ಛಲೋ ಅದ, ಯಾರೂ ಇರಂಗಿಲ್ಲ. ನೀ ಕಾಲುವಿ ನೋಡೇ ಇಲ್ಲಲ್ಲ ಆಪಾ?”

“ನೋಡಿಲ್ಲ.”

“ತುಂಬಿ ಹೊಂಟದ ಈಗ.”

“ಆತು,” ಅಂದಳು ಗೌಹರಬೇಗಂ. “ಹೋಗೂಣು.”

ಒಲೆ ಹಚ್ಚಿ ಹೆಂಚು ಇಟ್ಟಳು. ಹಿಟ್ಟು ನಾದಿ ರೊಟ್ಟಿ ತಟ್ಟಿದಳು. ಸಂಜೆಯ ಬೆಳಕು ಕಿಟಕಿಯಿಂದ ಬಂದು ರೊಟ್ಟಿಯ ಮೇಲೆ ಕೂತಿತು. ಗಯಾಸ ಗೋಡೆಗೊರಗಿ ಕಣ್ಣು ಮುಚ್ಚಿದ್ದ. ಒಂಬತ್ತು ವರ್ಷದವನಂತೆ ಕಂಡ. ಕಾಣಲಿ ಎಂದು ಸುಮ್ಮನೆ ಬಿಟ್ಟಳು. ಸಾಕಿದ್ದು ಸುಳ್ಳಾಗುವುದಿಲ್ಲ. ಇವತ್ತಿನದೂ ಆಗುವುದಿಲ್ಲ.

ನಸುಕಿನ ಫಜರ್ ನಮಾಜಿಗೆ ಅವನು ಎಂದೂ ಎದ್ದವನಲ್ಲ. ನಾಳೆ ಅಜಾನ್ ಆಗುವ ಹೊತ್ತಿಗೆ ಬಾಗಿಲು ಸದ್ದಾಗದಂತೆ ಎಳೆದು ಅವಳು ಹೊರಗಿರುತ್ತಾಳೆ. ಯಾರ ಬಂಡಿಯ ಮೇಲೂ ಅಲ್ಲ, ನಡೆದುಕೊಂಡು. ಈ ಓಣಿಯಿಂದ ಠಾಣೆಯವರೆಗೆ ಅವಳು ಒಬ್ಬಳೇ ಎಂದೂ ಹೋದವಳಲ್ಲ. ಕೇಳಿಕೊಂಡು ಹೋಗುತ್ತಾಳೆ. ಬಸವಂತ್ರಾಯನ ಎದುರು ಕೂತು ಕಡ್ಡಿಯ ಗೆರೆ ಹೇಗಿರುತ್ತದೆ, ಹೆಬ್ಬೆಟ್ಟಿನ ಗೆರೆ ಹೇಗಿರುತ್ತದೆ ಎಂದು ಹೇಳುತ್ತಾಳೆ. ಯಾರ ಹೆಬ್ಬೆಟ್ಟು ಎಂದು ಅವನು ಕೇಳುತ್ತಾನೆ. ಅದನ್ನೂ ಹೇಳುತ್ತಾಳೆ.

ಅವಳು ರೊಟ್ಟಿಯನ್ನು ಮಗುಚಿ ಹಾಕಿದಳು. ಅದು ಉಬ್ಬಿತು.

“ಏಳೋ, ಊಟಕ್ಕ ಬಾ,” ಅಂದಳು. “ಬಿಸಿ ಅದಾವು. ಎಷ್ಟು ಹಾಕ್ಲಿ, ಎರಡೊ ಮೂರೊ?”